ಬೋರ್ ಮಾಡಿಸಿದ ಇಂಜಿನ್: ಒಂದು ಸಣ್ಣ ಚರಿತ್ರೆ

"ಇಂಜಿನ್ ಕೆಲಸ ಪೂರ್ತಿ ಆಗಿದೆ, ಇನ್ನು ಹತ್ತು ವರ್ಷ ನೋಡುವ ಹಾಗಿಲ್ಲ." ಹಳೆಯ ವ್ಯಾನು ಮಾರುವವರ ಬಾಯಿಂದ ಈ ಮಾತನ್ನು ಕೇಳದವರು ನಮ್ಮಲ್ಲಿ ಅಪರೂಪ. ಊರಿನಲ್ಲಿರುವ ತಮ್ಮನಿಗೋ ಭಾವನಿಗೋ ಒಂದು ಮೆಟಡೋರ್ ತೆಗೆಸಿಕೊಟ್ಟು ಬಾಡಿಗೆಗೆ ಬಿಡಿಸಿದವರು, ದೋಹಾದಲ್ಲೇ ಹಳೆಯ ಹಯಾಸ್ ಕೊಂಡು ಹಿಂದಿನ ಸೀಟು ತೆಗೆದು ಹಾಸಿಗೆ ಹಾಕಿಸಿ ಚಳಿಗಾಲದಲ್ಲಿ ಸೀಲೈನ್ ಕಡೆಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿರುವವರು, ನಿವೃತ್ತಿಯ ಬಳಿಕ ಕರ್ನಾಟಕವನ್ನೆಲ್ಲ ಒಂದು ಕ್ಯಾರವಾನಿನಲ್ಲಿ ಸುತ್ತಬೇಕೆಂದು ಲೆಕ್ಕ ಹಾಕುತ್ತಿರುವವರು, ಎಲ್ಲರ ಮುಂದೆಯೂ ಒಂದಲ್ಲ ಒಂದು ದಿನ ಈ ಮಾತು ಬಂದು ನಿಲ್ಲುತ್ತದೆ. ಕೇಳಿದ ಕೂಡಲೇ ನಂಬುವವರಿದ್ದಾರೆ. ಕೇಳಿದ ಕೂಡಲೇ ಎದ್ದು ಹೋಗುವವರೂ ಇದ್ದಾರೆ. ಇಬ್ಬರ ವರ್ತನೆಗೂ ಕಾರಣ ಉಂಟು. ಆ ಕಾರಣ ತಿಳಿಯಬೇಕಾದರೆ ಈ "ಇಂಜಿನ್ ಕೆಲಸ" ಎಂಬುದು ನಮ್ಮ ನಾಡಿನಲ್ಲಿ ಹೇಗೆ ಬೆಳೆಯಿತು ಎಂಬುದನ್ನು ಸ್ವಲ್ಪ ಹಿಂದೆ ಹೋಗಿ ನೋಡಬೇಕು.

ಸವೆತವೆಂದರೇನು?

ಇಂಜಿನ್ನಿನ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಯೇ ಸಿಲಿಂಡರ್. ಈ ಕೊಳವೆ ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಪಿಸ್ಟನ್ ಮೇಲಕ್ಕೆ ಹೋಗಿ ಒಂದು ಕ್ಷಣ ನಿಂತು ತಿರುಗುವ ಜಾಗದಲ್ಲಿ ಬಿಸಿ ಹೆಚ್ಚು, ಎಣ್ಣೆಯ ಪದರ ತೆಳು. ಆದ್ದರಿಂದ ಸವೆತವೂ ಅಲ್ಲೇ ಹೆಚ್ಚು. ವರ್ಷಗಳು ಕಳೆದಂತೆ ನೇರವಾದ ಕೊಳವೆ ಮೇಲ್ಗಡೆ ಅಗಲವಾಗಿ, ಅಂಡಾಕಾರವಾಗುತ್ತದೆ. ಪಿಸ್ಟನ್ ರಿಂಗು ಎಷ್ಟೇ ಹೊಸದಿದ್ದರೂ ಆ ವಕ್ರವಾದ ಗೋಡೆಗೆ ಸರಿಯಾಗಿ ಅಂಟುವುದಿಲ್ಲ. ಒತ್ತಡ ಕೆಳಗೆ ಸೋರುತ್ತದೆ, ಎಣ್ಣೆ ಮೇಲೆ ಬಂದು ಉರಿಯುತ್ತದೆ. ಬೋರ್ ಮಾಡುವುದೆಂದರೆ ಈ ಕೊಳವೆಯನ್ನು ಯಂತ್ರದಲ್ಲಿ ಮತ್ತೆ ನೇರವಾಗಿ, ಸ್ವಲ್ಪ ದೊಡ್ಡದಾಗಿ ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು. ನಮ್ಮ ಮೇಸ್ತ್ರಿಗಳು "ಹತ್ತು ಸೈಜ್, ಇಪ್ಪತ್ತು ಸೈಜ್" ಎನ್ನುವುದು ಇದನ್ನೇ. ಒಂದು ಇಂಚಿನ ಸಾವಿರದಲ್ಲಿ ಹತ್ತು ಭಾಗ, ಇಪ್ಪತ್ತು ಭಾಗ ಎಂದು ಅದರ ಅರ್ಥ. ಕ್ರ್ಯಾಂಕ್ ಶಾಫ್ಟಿನದು ಇದಕ್ಕೆ ವಿರುದ್ಧ. ಅದನ್ನು ಉಜ್ಜಿ ಸಣ್ಣದು ಮಾಡಿ, ದಪ್ಪ ಬೇರಿಂಗ್ ಹಾಕುತ್ತಾರೆ. ಕೊರೆಯುವುದಕ್ಕೂ ಉಜ್ಜುವುದಕ್ಕೂ ಒಂದು ಮಿತಿ ಇದೆ. ಕೊನೆಯ ಸೈಜು ಮುಗಿದ ಮೇಲೆ ಲೈನರ್ ಹೊಡೆಸಬೇಕು, ಇಲ್ಲವೇ ಬ್ಲಾಕನ್ನು ಗುಜರಿಗೆ ಹಾಕಬೇಕು.

ಇದ್ದಿಲು ಬಸ್ಸಿನಿಂದ ಸರ್ಕಾರಿ ಬಸ್ಸಿಗೆ

ಈ ವಿದ್ಯೆ ನಮ್ಮಲ್ಲಿ ಬೇರೂರಿದ್ದು ಕೊರತೆಯ ಕಾಲದಲ್ಲಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಮೈಸೂರು ಸಂಸ್ಥಾನದಲ್ಲಿಯೂ ಕರಾವಳಿಯಲ್ಲಿಯೂ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸಿದರು. ನಮ್ಮ ಅಜ್ಜಂದಿರ ಕಾಲದವರು ಏರು ಬಂದಾಗ ಇಳಿದು ಬಸ್ಸು ತಳ್ಳಿದ ಕಥೆಯನ್ನು ಹೇಳುತ್ತಿದ್ದುದು ಹಲವರಿಗೆ ನೆನಪಿರಬಹುದು. ಇದ್ದಿಲಿನ ಗ್ಯಾಸಿನ ಜೊತೆ ನಯವಾದ ಬೂದಿಯೂ ಒಳಗೆ ಹೋಗಿ ಸಿಲಿಂಡರನ್ನು ತಿನ್ನುತ್ತಿತ್ತು. ಹೊಸ ಇಂಜಿನ್ ಹಡಗಿನಲ್ಲಿ ಬರುವ ಕಾಲವಲ್ಲ. ಇದ್ದುದನ್ನೇ ಮತ್ತೆ ಮತ್ತೆ ಬಿಚ್ಚಿ ಜೋಡಿಸುವುದೊಂದೇ ದಾರಿ. ಮಂಗಳೂರಿನಲ್ಲಿ ವಿ. ಎಸ್. ಕುಡ್ವರು ಕೆನರಾ ವರ್ಕ್‌ಶಾಪ್ಸ್ ಕಟ್ಟಿದ್ದು ಈ ಯುದ್ಧದ ಕಾಲದಲ್ಲೇ. ಮುಂದೆ ಅದು ಗಾಡಿಗಳ ಪಟ್ಟಿ ಸ್ಪ್ರಿಂಗುಗಳಿಗೆ ಹೆಸರಾಯಿತು.

ಯುದ್ಧ ಮುಗಿದ ಮೇಲೆ ಸೈನ್ಯದ ಹಳೆಯ ಜೀಪು, ಲಾರಿಗಳು "ಡಿಸ್ಪೋಸಲ್" ಎಂಬ ಹೆಸರಿನಲ್ಲಿ ಹರಾಜಾಗಿ ಕಾಫಿ ತೋಟಗಳಿಗೂ ಮರದ ಡಿಪೋಗಳಿಗೂ ಬಂದವು. ಅವುಗಳ ಹಿಂದೆಯೇ ಗ್ಯಾರೇಜುಗಳೂ ಲೇತುಗಳೂ ಬಂದವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರ ಆಗಸ್ಟ್ 1ರಿಂದ ಅದೇ ನಿಗಮವಾಯಿತು. ಬಸ್ಸಿನ ಇಂಜಿನ್ನನ್ನು ಒಬ್ಬ ಮೇಸ್ತ್ರಿಯ ಕೈಗುಣಕ್ಕೆ ಬಿಡದೆ, ಪ್ರಾದೇಶಿಕ ಕಾರ್ಯಾಗಾರದಲ್ಲಿ ಅಳತೆಗೋಲು ಹಿಡಿದು ಪುನಃ ಕಟ್ಟುವ ಪದ್ಧತಿ ಹೀಗೆ ನಮ್ಮಲ್ಲಿ ನೆಲೆಯಾಯಿತು. ಕೆಂಗೇರಿ, ಹಾಸನ, ಹುಬ್ಬಳ್ಳಿಯ ಕಾರ್ಯಾಗಾರಗಳನ್ನು ಅಲ್ಲಿಯ ಜನ ಬಲ್ಲರು.

ಬಿಡಿಭಾಗಗಳೂ ನಿಧಾನವಾಗಿ ದೇಶದೊಳಗೇ ಸಿಗತೊಡಗಿದವು. 1949ರಲ್ಲಿ ಮದರಾಸಿನಲ್ಲಿ ಇಂಡಿಯಾ ಪಿಸ್ಟನ್ಸ್ ಶುರುವಾಯಿತು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಸ್ಥಾಪನೆಯಾಗಿ, ಆಡುಗೋಡಿಯಲ್ಲಿ ಡೀಸೆಲ್ ಪಂಪು, ನಾಜಲ್, ಸ್ಪಾರ್ಕ್ ಪ್ಲಗ್ ತಯಾರಾದವು. 2008ರಿಂದ ಅದರ ಹೆಸರು ಬಾಷ್ ಎಂದಾದರೂ ನಮ್ಮವರ ಬಾಯಲ್ಲಿ ಅದು ಇಂದಿಗೂ ಮೈಕೋ. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಹೊಸ ಸಾಮಾನು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಇವೆರಡರ ನಡುವೆ ಓಡಾಡಿದರೆ ಯಾವ ಇಂಜಿನ್ನಿಗೂ ಜೀವ ಬರಿಸಬಹುದು ಎಂಬ ಧೈರ್ಯ ನಮ್ಮ ಮೇಸ್ತ್ರಿಗಳಿಗೆ ಬಂತು. ಆ ಧೈರ್ಯದಲ್ಲಿ ಒಳ್ಳೆಯದೂ ಇತ್ತು, ಅಪಾಯವೂ ಇತ್ತು.

ಜರ್ಮನಿಯ ಎರಡು ವ್ಯಾನುಗಳು

ಈಗ ಸ್ವಲ್ಪ ಹೊರಗಿನ ಕಥೆ. ಮಲಗಲು ಹಾಸಿಗೆ, ಅಡಿಗೆಗೆ ಒಲೆ ಇರುವ ವ್ಯಾನು ಎಂದರೆ ಲೋಕಕ್ಕೆಲ್ಲ ಮೊದಲು ಕಣ್ಣಿಗೆ ಬರುವುದು ಫೋಕ್ಸ್‌ವ್ಯಾಗನ್. 1950ರಲ್ಲಿ ತಯಾರಾಗತೊಡಗಿದ ಈ ವ್ಯಾನಿಗೆ ವೆಸ್ಟ್‌ಫಾಲಿಯಾ ಎಂಬ ಕಂಪೆನಿ ಕೆಲವೇ ಸಮಯದಲ್ಲಿ ಮನೆಯ ಸಾಮಾನು ಜೋಡಿಸಿ ಕೊಡತೊಡಗಿತು. 1960 ಮತ್ತು 70ರ ದಶಕಗಳಲ್ಲಿ ಯುರೋಪಿನ ತರುಣರು ಇದರಲ್ಲೇ ಇಸ್ತಾಂಬುಲ್, ತೆಹರಾನ್, ಕಾಬೂಲ್ ದಾಟಿ ದೆಹಲಿಗೆ, ಅಲ್ಲಿಂದ ಗೋವೆಗೆ ಬಂದರು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯದ ಪ್ರವೇಶ. ಅಲ್ಲಿಗೆ ಆ ರಸ್ತೆ ಮುಚ್ಚಿತು.

ಈ ವ್ಯಾನಿನ ಇಂಜಿನ್ನಿಗೆ ನೀರಿಲ್ಲ, ರೇಡಿಯೇಟರ್ ಇಲ್ಲ, ಗಾಳಿಯೇ ತಂಪು. ಹಳೆಯ ಮಾದರಿಗಳಲ್ಲಿ ಎಣ್ಣೆ ತಣಿಸುವ ಕೂಲರ್ ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡ ಕೂತಿದ್ದರಿಂದ ಅದೊಂದು ಸಿಲಿಂಡರ್ ಹೆಚ್ಚು ಕಾದು, ವಾಲ್ವ್ ಸುಡುವುದು ಸಾಮಾನ್ಯವಾಗಿತ್ತು. 1971ರ ಹೊತ್ತಿಗೆ ಕೂಲರನ್ನು ಬೇರೆ ಕಡೆ ಇಟ್ಟು ಇದನ್ನು ಸರಿಪಡಿಸಿದರು. ಇಂಜಿನ್ನಿನ ಹೊರಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ಹಗುರ, ಆದರೆ ಮತ್ತೆ ಮತ್ತೆ ಕಾದರೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಕವಚದೊಳಗೆ ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕಿದರೆ ಏನಾದೀತು? ಹೊರಗಿನಿಂದ ಹೊಸ ಇಂಜಿನ್, ಒಳಗೆ ಹಳೆಯ ರೋಗ.

ಇದಕ್ಕೆ ಕಂಪೆನಿ ಕಂಡುಕೊಂಡ ಉಪಾಯ ಗಮನಿಸತಕ್ಕದ್ದು. 1958ರಲ್ಲಿ ಜರ್ಮನಿಯ ಕಾಸೆಲ್ ಬಳಿಯ ಕಾರ್ಖಾನೆಯಲ್ಲಿ ಹಳೆಯ ಇಂಜಿನ್ನು, ಗೇರ್‌ಬಾಕ್ಸುಗಳನ್ನು ವಾಪಸು ತೆಗೆದುಕೊಂಡು, ಬಿಚ್ಚಿ, ಅಳೆದು, ಪುನಃ ಕಟ್ಟುವ ಕೆಲಸ ಶುರುವಾಯಿತು. ಗಿರಾಕಿ ಹಳೆಯದನ್ನು ಕೊಟ್ಟು, ಕಟ್ಟಿದ್ದನ್ನು ಒಯ್ಯುತ್ತಿದ್ದ. ಅದರ ಹಿಂದೆ ಕಂಪೆನಿಯ ಹೆಸರು ಇರುತ್ತಿತ್ತು. ಬೀದಿ ಬದಿಯ ಗ್ಯಾರೇಜಿನಲ್ಲಿ ಕಟ್ಟಿದ್ದಕ್ಕೆ ಕಟ್ಟಿದವನ ಮಾತೇ ಗ್ಯಾರಂಟಿ. ಎರಡನ್ನೂ "ಪುನಃ ಕಟ್ಟಿದ ಇಂಜಿನ್" ಎಂದೇ ಕರೆದರೂ ಎರಡೂ ಒಂದೇ ಅಲ್ಲ. ಹಾಗೆಂದು ಗ್ಯಾರೇಜಿನದು ಕೀಳೆಂದೂ ಅಲ್ಲ. ಅಳೆದು ಕಟ್ಟಿದ್ದು ಒಂದು ಜಾತಿ, ಅಂದಾಜಿನಲ್ಲಿ ಕಟ್ಟಿದ್ದು ಇನ್ನೊಂದು ಜಾತಿ. ವ್ಯತ್ಯಾಸ ಇರುವುದು ಅಲ್ಲಿ.

ಎರಡನೆಯ ಜರ್ಮನ್ ವ್ಯಾನು ನಮ್ಮ ಮೆಟಡೋರ್! ಹ್ಯಾಂಬರ್ಗ್ ನಗರದ ಟೆಂಪೊ ಕಂಪೆನಿ 1949ರಲ್ಲಿ ಮೊದಲ ಮೆಟಡೋರ್ ಹೊರತಂದಾಗ ಅದರೊಳಗೆ ಇದ್ದುದು ಫೋಕ್ಸ್‌ವ್ಯಾಗನ್ನಿನ ಗಾಳಿ ತಂಪಿನ ಇಂಜಿನ್ನೇ. ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನು ಮಾಡತೊಡಗಿದ ಮೇಲೆ ಇಂಜಿನ್ ಕೊಡುವುದನ್ನು ನಿಲ್ಲಿಸಿತು. ಟೆಂಪೊ ಬೇರೆ ಇಂಜಿನ್ನುಗಳ ಬೆನ್ನು ಹತ್ತಿ, ಮುಂದೆ ಹ್ಯಾನೊಮಾಗ್ ಕಂಪೆನಿಯ ಪಾಲಾಯಿತು, ಕೊನೆಗೆ ಡೈಮ್ಲರ್-ಬೆಂಝ್ ಮಡಿಲಿಗೆ ಬಿತ್ತು. ಇತ್ತ 1958ರಲ್ಲಿ ಎನ್. ಕೆ. ಫಿರೋಡಿಯಾ ಅವರು ಇದೇ ಟೆಂಪೊ ಕಂಪೆನಿಯ ಸಹಯೋಗದಲ್ಲಿ ಬಜಾಜ್ ಟೆಂಪೊ ಕಟ್ಟಿದರು. ಮೊದಲು ಮೂರು ಚಕ್ರದ ಗಾಡಿ ಬಂತು. ಅದರಿಂದಲೇ ನಮ್ಮ ಊರುಗಳಲ್ಲಿ ಎಲ್ಲ ಸಣ್ಣ ಸರಕಿನ ಗಾಡಿಗೂ "ಟೆಂಪೋ" ಎಂಬ ಹೆಸರು ಅಂಟಿಕೊಂಡಿತು. 1969ರಲ್ಲಿ ಮೆಟಡೋರ್ ಬಂತು.

ಮೆಟಡೋರಿನ ದಿನಗಳು

ಮೆಟಡೋರ್ ಕರ್ನಾಟಕಕ್ಕೆ ಏನು ಮಾಡಿತೆಂಬುದನ್ನು ನಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಮದುವೆ ದಿಬ್ಬಣ, ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಧರ್ಮಸ್ಥಳ-ಸುಬ್ರಹ್ಮಣ್ಯ ಯಾತ್ರೆ, ಎಲ್ಲಕ್ಕೂ ಅದೇ. ಯಾತ್ರೆಗೆ ಹೊರಟ ಮೆಟಡೋರಿನಲ್ಲಿ ಸ್ಟವ್, ಅಕ್ಕಿ, ಚಾಪೆ, ಉಪ್ಪಿನಕಾಯಿ ಭರಣಿ ಎಲ್ಲವೂ ಇರುತ್ತಿದ್ದವು. ಕ್ಯಾಂಪರ್ ಎಂಬ ಶಬ್ದ ಗೊತ್ತಿಲ್ಲದಿದ್ದರೂ ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿತ್ತು.

1980ರ ದಶಕದ ಆರಂಭದಲ್ಲಿ ಮರ್ಸಿಡಿಸ್-ಬೆಂಝ್ ಪರವಾನಗಿಯಿಂದ ಓ.ಎಂ. 616 ಎಂಬ ಡೀಸೆಲ್ ಇಂಜಿನ್ ಭಾರತದಲ್ಲೇ ತಯಾರಾಗತೊಡಗಿತು. ನಾಲ್ಕು ಸಿಲಿಂಡರ್, 2399 ಸಿ.ಸಿ. ಜರ್ಮನಿಯಲ್ಲಿ 240ಡಿ ಎಂಬ ಬೆಂಝ್ ಕಾರಿನಲ್ಲಿ ಇದ್ದುದು ಇದೇ ಇಂಜಿನ್. ವೇಗ ಕಡಿಮೆ, ಆಯುಷ್ಯ ಹೆಚ್ಚು. ಬೀಡು ಕಬ್ಬಿಣದ ಗಟ್ಟಿ ಬ್ಲಾಕ್ ಆದ್ದರಿಂದ ಬೋರ್ ಮಾಡಿಸಿ ಮತ್ತೆ ಓಡಿಸುವುದು ಸುಲಭ. ಮೆಟಡೋರಿನ ತಯಾರಿಕೆ 2000ದಲ್ಲಿ ನಿಂತಿತು, ಕಂಪೆನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಆದರೆ ಇಂಜಿನ್ನಿನ ವಂಶ ಮುಗಿಯಲಿಲ್ಲ. ಇಂದು ಕರ್ನಾಟಕದಲ್ಲಿ ಕ್ಯಾರವಾನ್ ಮಾಡಿಸಿಕೊಳ್ಳುವ ಎಷ್ಟೋ ಜನ ಆರಿಸುವ ಫೋರ್ಸ್ ಟ್ರಾವೆಲರಿನ 2.6 ಲೀಟರ್ ಇಂಜಿನ್ ಇದರ ಮೊಮ್ಮಗನೇ.

ಇಂಜಿನ್ ಗಟ್ಟಿ ಎಂಬ ಈ ಖ್ಯಾತಿಯೇ ಕೆಲವರಿಗೆ ಮುಳುವಾಯಿತು. ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ ಒಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. "ಅಣ್ಣಾ, ಇಂಜಿನ್ ಹೊಸತೇ ಆದ ಹಾಗೆ, ಬೋರ್ ಮಾಡಿಸಿ ಎರಡು ತಿಂಗಳೂ ಆಗಿಲ್ಲ, ಮೇಸ್ತ್ರಿ ನೋಡಿ ಹೇಳಿದ್ದಾರೆ" ಎಂದು ಊರಿನಿಂದ ತಮ್ಮನ ಫೋನ್. ಅಣ್ಣ ಎರಡು ವರ್ಷದ ಉಳಿತಾಯ ಕಳಿಸಿದರು. ಮೂರನೆಯ ತಿಂಗಳಲ್ಲಿ ಚಾರ್ಮಾಡಿ ಘಾಟಿಯ ಏರಿನಲ್ಲಿ ಹೊಗೆ ಎದ್ದು ಗಾಡಿ ನಿಂತಿತು, ಪಿಸ್ಟನ್ ಹಿಡಿದುಕೊಂಡಿತ್ತು. ಬಿಚ್ಚಿ ನೋಡಿದರೆ ಬೋರಿನ ಕೆಲಸದಲ್ಲಿ ದೋಷವೇ ಇರಲಿಲ್ಲ. ವರ್ಷಗಟ್ಟಲೆ ಬಾವಿ ನೀರು ಹಾಕಿದ ರೇಡಿಯೇಟರಿನ ಕೊಳವೆಗಳು ಸುಣ್ಣ ಕಟ್ಟಿ ಅರ್ಧ ಮುಚ್ಚಿಹೋಗಿದ್ದವು. ಮೊದಲ ಸಲ ಇಂಜಿನ್ ಕೆಟ್ಟದ್ದೂ ಅದರಿಂದಲೇ. ರೋಗ ಹಾಗೆಯೇ ಇದ್ದು ರೋಗಿಯನ್ನು ಮಾತ್ರ ಬದಲಾಯಿಸಿದ್ದರು. ಆ ಮನೆಗೆ ಸಾಲ ತೀರಿಸಲು ಇನ್ನೂ ಮೂರು ವರ್ಷ ಹಿಡಿಯಿತು. ಅಣ್ಣ ಊರಿಗೆ ಮರಳುವುದೂ ಅಷ್ಟೇ ಮುಂದೆ ಹೋಯಿತು.

ಮರಳುಗಾಡಿನ ಪಾಠ

ಕತಾರಿನಲ್ಲಿ ಕಥೆ ಬೇರೆ. ಇಲ್ಲಿ ನೀರಿನ ಸುಣ್ಣಕ್ಕಿಂತ ಬಿಸಿಲು ಮತ್ತು ಧೂಳು ದೊಡ್ಡ ಶತ್ರುಗಳು. ಶಮಾಲ್ ಗಾಳಿ ಎದ್ದ ದಿನ ಕಿಟಕಿ ಮುಚ್ಚಿದ ಮನೆಯೊಳಗೂ ಧೂಳು ಬರುವುದನ್ನು ಬಲ್ಲ ನಮಗೆ, ಗಾಡಿಯ ಗಾಳಿ ಕೊಳವೆಯ ರಬ್ಬರಿನಲ್ಲಿ ಒಂದು ಬಿರುಕಿದ್ದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಮರಳಿನ ಕಣ ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಇಂಥ ಗಾಡಿಯ ಇಂಜಿನ್ನನ್ನು ಹೊಸದಾಗಿ ಕಟ್ಟಿ, ಬಿರುಕು ಬಿಟ್ಟ ರಬ್ಬರನ್ನು ಹಾಗೆಯೇ ಬಿಟ್ಟರೆ ಹೊಸ ರಿಂಗುಗಳಿಗೂ ಅದೇ ಗತಿ.

ಇನ್ನೊಂದು ವ್ಯತ್ಯಾಸ, ಇಲ್ಲಿ ಬೋರ್ ಮಾಡಿಸುವುದಕ್ಕಿಂತ ಇಂಜಿನ್ನನ್ನೇ ಬದಲಾಯಿಸುವುದು ರೂಢಿ. ಸನಯ್ಯದ ಗ್ಯಾರೇಜುಗಳಲ್ಲಿ ಕೇಳಿದರೆ, ಗುಜರಿಗೆ ಹೋದ ಇನ್ನೊಂದು ಗಾಡಿಯಿಂದ ತೆಗೆದ ಇಂಜಿನ್ ತಂದು ಕೂರಿಸಿಕೊಡುತ್ತಾರೆ. ಕೆಲಸ ಬೇಗ, ಖರ್ಚೂ ಕಡಿಮೆ ಇರಬಹುದು. ಆದರೆ ಆ ಇಂಜಿನ್ ಎಷ್ಟು ಓಡಿತ್ತು, ಕಾದಿತ್ತೇ, ಎಣ್ಣೆ ಬದಲಾಯಿಸಿದ್ದರೇ ಎಂಬುದು ಯಾರಿಗೂ ತಿಳಿಯದು. ಬೋರ್ ಮಾಡಿಸಿದ ಇಂಜಿನ್ನಿನ ಪೂರ್ವಜನ್ಮ ಗೊತ್ತು, ಈ ಜನ್ಮ ಹೊಸತು. ಬದಲಿ ಇಂಜಿನ್ನಿನ ಈ ಜನ್ಮ ಕಾಣುತ್ತದೆ, ಪೂರ್ವಜನ್ಮ ಗೊತ್ತಿಲ್ಲ. ಮಾರುವವರು ಎರಡನ್ನೂ "ಇಂಜಿನ್ ಕೆಲಸ ಆಗಿದೆ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಯಾವುದೆಂದು ಬಿಡಿಸಿ ಕೇಳುವುದು ನಮ್ಮ ಕೆಲಸ. ಇಸ್ತಿಮಾರಾ ನವೀಕರಣಕ್ಕೆ ಫಾಹೆಸ್ ಪರೀಕ್ಷೆ ಪಾಸಾಗಿದೆ ಎಂಬುದೂ ಇಲ್ಲಿ ಪೂರ್ತಿ ಉತ್ತರವಲ್ಲ. ಬ್ರೇಕು, ದೀಪ, ಹೊಗೆ ಸರಿಯಿದೆ ಎಂದು ಅದು ಹೇಳುತ್ತದೆ, ಬೇರಿಂಗಿನ ಆಯುಷ್ಯ ಹೇಳುವುದಿಲ್ಲ.

ಹಾಗಾದರೆ ನಂಬುವುದು ಹೇಗೆ?

ಈ ಚರಿತ್ರೆಯಿಂದ ಹೊರಡುವ ಮೊದಲ ಪ್ರಶ್ನೆ "ಇಂಜಿನ್ ಕೆಲಸ ಆಗಿದೆಯೇ?" ಎಂಬುದಲ್ಲ, "ಇಂಜಿನ್ ಕೆಲಸ ಯಾಕೆ ಬಂತು?" ಎಂಬುದು. ಹೆಚ್ಚು ಓಡಿ ಸವೆದಿದ್ದರೆ ಚಿಂತೆಯಿಲ್ಲ. ಕಾದು ಕೆಟ್ಟಿದ್ದರೆ ರೇಡಿಯೇಟರ್, ನೀರಿನ ಪಂಪು, ಫ್ಯಾನು ಬದಲಾಗಿವೆಯೇ ನೋಡಬೇಕು. ಧೂಳು ತಿಂದು ಕೆಟ್ಟಿದ್ದರೆ ಏರ್ ಫಿಲ್ಟರ್ ಮತ್ತು ಅದರ ರಬ್ಬರು ನೋಡಬೇಕು. ಕಾರಣ ಹೇಳಲಾರದ ಮಾರಾಟಗಾರನಿಗೆ ಕಾರಣ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಿಲ್ಲ. ಎರಡೂ ಒಳ್ಳೆಯದಲ್ಲ.

ಎರಡನೆಯದು ಬಿಲ್ಲು. ಬೋರ್ ಎಷ್ಟನೆಯ ಸೈಜು, ಕ್ರ್ಯಾಂಕ್ ಉಜ್ಜಿದ್ದು ಎಷ್ಟು, ಯಾವ ಕಂಪೆನಿಯ ಪಿಸ್ಟನ್ನು, ಪಂಪು ಮತ್ತು ನಾಜಲ್ ಪರೀಕ್ಷೆ ಮಾಡಿಸಿದ್ದಾರೆಯೇ, ಎಲ್ಲವೂ ಲೇತಿನವರ ಮತ್ತು ಅಂಗಡಿಯವರ ಚೀಟಿಯಲ್ಲಿ ಇರುತ್ತದೆ. ಕೆಲವರು ರಿಂಗು ಮಾತ್ರ ಹಾಕಿ, ಹೆಡ್ ಬಿಚ್ಚಿ ವಾಲ್ವ್ ಉಜ್ಜಿ "ಫುಲ್ ಕೆಲಸ" ಎನ್ನುತ್ತಾರೆ. ಅದು ಅರ್ಧ ಕೆಲಸ. ಇಂಜಿನ್ನೇ ಬದಲಾಗಿದ್ದರೆ ಊರಿನಲ್ಲಿ ಆರ್.ಸಿ.ಯಲ್ಲಿ ಅದರ ನಂಬರ್ ದಾಖಲಾಗಿರಬೇಕು. ಇಲ್ಲದಿದ್ದರೆ ಗಾಡಿ ಎಷ್ಟು ಚೆನ್ನಾಗಿ ಓಡಿದರೂ ಕಾಗದದಲ್ಲಿ ಅದು ನಿಮ್ಮ ಗಾಡಿಯಲ್ಲ.

ಮೂರನೆಯದು ಕೆಲಸ ಆದ ಮೇಲೆ ಓಡಿದ ದೂರ. ನಿನ್ನೆ ಕಟ್ಟಿದ ಇಂಜಿನ್ನೇ ಅತಿ ಒಳ್ಳೆಯದೆಂದು ನಮ್ಮ ಜನ ತಿಳಿಯುತ್ತಾರೆ. ನಿಜ ಇದಕ್ಕೆ ವಿರುದ್ಧ. ಜೋಡಣೆಯ ತಪ್ಪುಗಳು ಹೊರಬೀಳುವುದು ಮೊದಲ ಕೆಲವು ಸಾವಿರ ಕಿಲೋಮೀಟರಿನಲ್ಲಿ. ಹತ್ತು ಸಾವಿರ ಕಿಲೋಮೀಟರ್ ಎಣ್ಣೆ ಕುಡಿಯದೆ, ಕಾಯದೆ ಓಡಿದ ಇಂಜಿನ್ ತನ್ನ ಪರೀಕ್ಷೆ ಪಾಸು ಮಾಡಿದೆ. ಸೊನ್ನೆ ಕಿಲೋಮೀಟರಿನದು ಇನ್ನೂ ಪರೀಕ್ಷೆಗೇ ಕೂತಿಲ್ಲ. ಬಣ್ಣ ಬಳಿದು ಫಳಫಳ ಹೊಳೆಯುವ ಇಂಜಿನ್ ಕಂಡರೆ ಚೌಕಿಯಲ್ಲಿ ಬಣ್ಣ ಹಚ್ಚಿ ಕೂತ ವೇಷಧಾರಿಯನ್ನು ನೆನೆಸಿಕೊಳ್ಳಿ. ಅರ್ಥಗಾರಿಕೆ ಹೇಗಿದೆಯೆಂಬುದು ರಂಗಸ್ಥಳಕ್ಕೆ ಬಂದ ಮೇಲೆ ತಾನೇ ತಿಳಿಯುವುದು?

ನಾಲ್ಕನೆಯದು ನಾವೇ ಮಾಡಬಹುದಾದ ಪರೀಕ್ಷೆ. ಗಾಡಿ ನೋಡಲು ಬೆಳಿಗ್ಗೆ ಹೋಗಬೇಕು, ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಹೇಳಬೇಕು. ಬಿಸಿ ಇಂಜಿನ್ ತನ್ನ ಅರ್ಧ ಕಾಯಿಲೆಯನ್ನು ಅಡಗಿಸುತ್ತದೆ. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಇಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ ಇದ್ದರೆ ನೀರು ಒಳಗೆ ಸೋರುತ್ತಿರಬಹುದು. ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬಂದರೆ ಅದೇ ಮೇಸ್ತ್ರಿಗಳು ಹೇಳುವ "ಬ್ಯಾಕ್ ಕಂಪ್ರೆಶನ್". ಬೋರ್ ಮಾಡಿದ ಮಾತು ಸುಳ್ಳು, ಇಲ್ಲವೇ ರಿಂಗು ಕೂತಿಲ್ಲ. ಮುಚ್ಚಳದ ಅಡಿಯಲ್ಲಿ ಹಾಲಿನ ಕೆನೆಯಂಥದು ಕಂಡರೆ ನೀರು ಎಣ್ಣೆಗೆ ಸೇರಿದೆಯೇ ಎಂದು ಪರೀಕ್ಷಿಸದೆ ಮುಂದುವರಿಯಬಾರದು. ಕೊನೆಗೆ ಕಂಪ್ರೆಶನ್ ಗೇಜ್ ಇಟ್ಟು ನೋಡಿಸುವುದು. ಓ.ಎಂ. 616 ಇಂಜಿನ್ನಿಗೆ 22ರಿಂದ 24 ಬಾರ್ ಒಳ್ಳೆಯ ಆರೋಗ್ಯ. 15ಕ್ಕಿಂತ ಕೆಳಗಾದರೆ ಆಯುಷ್ಯ ಮುಗಿದಂತೆ. ಸಿಲಿಂಡರುಗಳ ನಡುವಿನ ವ್ಯತ್ಯಾಸ 3 ಬಾರ್ ದಾಟಬಾರದು. ನಾಲ್ಕೂ ಸ್ವಲ್ಪ ಕಡಿಮೆ ಇರುವ ಇಂಜಿನ್ ಮುದುಕ. ಮೂರು ಚೆನ್ನಾಗಿದ್ದು ಒಂದು ಬಿದ್ದಿರುವುದು ರೋಗಿ. ಮುದುಕನೊಡನೆ ನಿಧಾನವಾಗಿ ಪ್ರಯಾಣ ಮಾಡಬಹುದು.

ಇಷ್ಟು ನೋಡಿಸಲು ಊರಿನಲ್ಲಾದರೂ ಇಲ್ಲಾದರೂ ಅರ್ಧ ದಿನ ಸಾಕು. ನೋಡುವ ಮೇಸ್ತ್ರಿ ಮಾರುವವರ ಕಡೆಯವನಾಗಿರಬಾರದು ಅಷ್ಟೇ. ದೂರದಲ್ಲಿರುವ ನಾವು ಹಣ ಕಳಿಸುವ ಮೊದಲು ಬಿಲ್ಲುಗಳ ಚಿತ್ರ, ಬೆಳಗಿನ ತಣ್ಣನೆಯ ಸ್ಟಾರ್ಟಿನ ವಿಡಿಯೋ, ಕಂಪ್ರೆಶನ್ ಚೀಟಿ, ಈ ಮೂರನ್ನು ಫೋನಿನಲ್ಲೇ ತರಿಸಿಕೊಳ್ಳಬಹುದು. ತಮ್ಮನಿಗೆ ಇದು ಅಪನಂಬಿಕೆಯಂತೆ ಕಾಣದಿರಲಿ. ಘಾಟಿಯ ಏರಿನಲ್ಲಿ ಸ್ಟೇರಿಂಗ್ ಹಿಡಿದು ಕೂರುವವನು ಅವನೇ ತಾನೆ.

ಇದ್ದಿಲು ಬಸ್ಸಿನ ಕಾಲದಿಂದ ನಮ್ಮ ಮೇಸ್ತ್ರಿಗಳು ಸತ್ತ ಇಂಜಿನ್ನುಗಳಿಗೆ ಜೀವ ಕೊಟ್ಟು ನಾಡನ್ನು ಓಡಿಸಿದ್ದಾರೆ. ಅವರ ಕೈಕೆಲಸದ ಮೇಲೆ ಗೌರವವಿರುವವರು ಅದನ್ನು ಅಳೆದು ನೋಡಲು ಹಿಂಜರಿಯಬೇಕಾಗಿಲ್ಲ. ಒಳ್ಳೆಯ ಮೇಸ್ತ್ರಿ ಗೇಜು ಕಂಡರೆ ಬೇಸರಿಸುವುದಿಲ್ಲ, ತಾನೇ ತಂದು ಕೊಡುತ್ತಾನೆ.